ಹೆದುರಿಗೆ ಹಪಾಯ ಹಿದೆ

ಆಟ ಮುಗಿಯಿತು. ನಕ್ಷತ್ರಗಳೆಲ್ಲ ಮರೆಯಾದವು, ಆಟ ತಯಾರಿಸಿದವರ ಹೆಸರುಗಳು ಮುಗಿಯದ ಮೆರವಣಿಗೆಯಂತೆ ಸಾಗಿದವು, ಕೊನೆಗೆ ತೆರೆಯ ಮೇಲೆ ಒಂದು ಪ್ರಶ್ನೆ ಬಂದು ನಿಂತಿತು: ಮುಂದಿನ ಭಾಗವನ್ನು ಇನ್ನೂ ಚೆನ್ನಾಗಿ ಮಾಡಲು ನಿಮ್ಮ ಸಲಹೆ ಏನು? ಕೆಳಗೆ ಬೆಂಕಿಪೊಟ್ಟಣದಷ್ಟು ಜಾಗ. ಐದನೇ ಕ್ಲಾಸಿನಿಂದ ಈ ಆಟದ ಒಂದು ಭಾಗವನ್ನೂ ಬಿಡದೆ ಆಡಿಕೊಂಡು ಬಂದವಳು ನಾನು. ಈಗ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿದೆ. ಅಷ್ಟು ಜಾಗದಲ್ಲಿ ಏನಂತ ಬರೆಯಲಿ? ‘ಮೊದಲು ನಿಮ್ಮ ಹಡಗಿನ ಬಾಯಿ ಮುಚ್ಚಿಸಿ’ ಎಂದು ಬರೆದೆ. ಒರಟಾಯಿತು ಅನ್ನಿಸಿ ಅಳಿಸಿದೆ. ಆದರೆ ನನ್ನ ಸಲಹೆ ಈಗಲೂ ಅದೇ. ಯಾಕೆ ಅಂತ ಹೇಳಬೇಕಾದರೆ ಪೀಣ್ಯದಿಂದ ಶುರು ಮಾಡಬೇಕು.

ಪೀಣ್ಯದ ಕಾರ್ಖಾನೆಗಳ ಹಿಂದೆ ನಮ್ಮ ಊರು. ಊರು ಅಂದರೆ ಶೆಡ್ಡುಗಳ ನಡುವೆ ಉಳಿದುಕೊಂಡ ನಾಲ್ಕು ಗಲ್ಲಿ, ಒಂದು ಮಾರಮ್ಮನ ಗುಡಿ. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಕಬ್ಬಿಣಕ್ಕೆ ಬಣ್ಣ ಹಾಕುವ ಕಾರ್ಖಾನೆ ಬಂದಿತ್ತು. ಉಳಿದ ಚೂರು ಜಾಗದಲ್ಲಿ ಅಪ್ಪ ಶೀಟು ಹೊದಿಸಿ ಬಾಡಿಗೆ ಮನೆಗಳ ಸಾಲು ಕಟ್ಟಿದ್ದ. ಅಲ್ಲಿದ್ದ ಕಂಪ್ಯೂಟರ್ ರಿಪೇರಿಯವನೊಬ್ಬ ಮನೆ ಖಾಲಿ ಮಾಡುವಾಗ ಹೊತ್ತುಕೊಂಡು ಹೋಗಲು ಬೇಸರವಾಗಿ ಒಂದು ಹಳೆಯ ಕಂಪ್ಯೂಟರನ್ನು ನಮ್ಮ ಅಣ್ಣನಿಗೆ ಬಿಟ್ಟು ಹೋದ. ಅದರೊಳಗೆ ಈ ಆಟದ ಮೊದಲ ಭಾಗ ಇತ್ತು. ಸ್ಪೀಕರ್ ಮಾತ್ರ ಇರಲಿಲ್ಲ.

ಆಟ ಸರಳವಾಗಿತ್ತು. ನೀವೊಬ್ಬರೇ ಹಡಗಿನಲ್ಲಿ ಕೂತು ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗಬೇಕು, ಅಡ್ಡ ಬರುವ ಬಂಡೆಗಳನ್ನು ತಪ್ಪಿಸಬೇಕು, ಗ್ರಹಗಳಲ್ಲಿ ಇಳಿದು ಕಳೆದುಹೋದ ಜನರನ್ನು ಹುಡುಕಬೇಕು. ಹಡಗಿನೊಳಗೆ ಜೊತೆಗೆ ಯಾರೂ ಇಲ್ಲ. ಹಡಗೇ ಮಾತಾಡುತ್ತದೆ, ದಾರಿ ಹೇಳುತ್ತದೆ, ಎಚ್ಚರಿಸುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ಅದರ ದನಿ ಕೇಳುವಂತಿರಲಿಲ್ಲ. ಅದು ಹೇಳಿದ್ದು ಇಂಗ್ಲಿಷಿನ ಸಾಲಾಗಿ ತೆರೆಯ ಕೆಳಗೆ ಬಂದು ಹೋಗುತ್ತಿತ್ತು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬಂಡೆ ಬಂದು ಬಡಿದಿರುತ್ತಿತ್ತು.

ಆಗ ಅಣ್ಣ ಹಡಗಾದ. ನನಗಿಂತ ಏಳೆಂಟು ವರ್ಷ ದೊಡ್ಡವನು, ಐಟಿಐಗೆ ಹೋಗುತ್ತಿದ್ದ. ನನ್ನ ಕುರ್ಚಿಯ ಹಿಂದೆ ನಿಂತು ಕೆಳಗಿನ ಸಾಲು ಓದಿ ಕನ್ನಡದಲ್ಲಿ ಹೇಳುತ್ತಿದ್ದ. ಓದಿ ಅನ್ನುವುದು ಮರ್ಯಾದೆಯ ಮಾತು. ಅವನ ಇಂಗ್ಲಿಷ್ ನನ್ನದಕ್ಕಿಂತ ಒಂದು ಗುಲಗಂಜಿ ಹೆಚ್ಚು, ಅಷ್ಟೆ. ಅರ್ಧ ಊಹೆ, ಅರ್ಧ ಬಾಯಿಗೆ ಬಂದದ್ದು.

ಇಲ್ಲಿ ನಮ್ಮ ಮನೆಯ ಒಂದು ಗುಟ್ಟು ಹೇಳಬೇಕು. ನಮ್ಮಲ್ಲಿ ಹಕಾರ ಇಲ್ಲ. ಹಾಲು ಆಲು, ಹೂವು ಊವು, ಹೋಗು ಓಗು. ಅಣ್ಣನ ಮೇಷ್ಟ್ರು ಅದಕ್ಕಾಗಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ ‘ಹಾ, ಹಾ, ಹಾಲು’ ಎಂದು ಹೇಳಿಸುತ್ತಿದ್ದರಂತೆ. ಹ ಅನ್ನುವುದನ್ನು ಅಣ್ಣ ಕಲಿತ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಯಾರೂ ಕಲಿಸಲಿಲ್ಲ. ದೊಡ್ಡವರ ಮುಂದೆ, ಕಚೇರಿಗಳಲ್ಲಿ ಮಾತಾಡುವಾಗ ಯಾವುದಕ್ಕೂ ಇರಲಿ ಎಂದು ಎಲ್ಲದಕ್ಕೂ ಒಂದು ಹ ಹಚ್ಚಿಬಿಡುತ್ತಿದ್ದ.

“ಅಡಗು ಓದ್ಕಂಡಿರೋದು ಕಣೇ,” ಎಂದ ನನಗೆ. “ಅದು ನಮ್ಮಂಗೆಲ್ಲಾ ಮಾತಾಡಕ್ಕಿಲ್ಲ.”

ಆಮೇಲೆ ಗಂಟಲು ಸರಿಮಾಡಿಕೊಂಡು, ಎದೆ ಸೆಟೆಸಿ, “ಹೆದುರಿಗೆ ಹಪಾಯ ಹಿದೆ! ಹೆಡಕ್ಕೆ ತಿರುಗಿಸಿ!” ಎಂದು ಗುಡುಗುತ್ತಿದ್ದ. ನಾನು ಎಡಕ್ಕೆ ತಿರುಗಿಸುತ್ತಿದ್ದೆ. ಬಂಡೆ ಪಕ್ಕಕ್ಕೆ ಸರಿದು ಹೋಗುತ್ತಿತ್ತು. ಪರೀಕ್ಷೆಯಲ್ಲಿ ‘ಹಪಾಯ’ ಎಂದೇ ಬರೆದು ಅಂಕ ಕಳೆದುಕೊಂಡೆ. ಮನೆಗೆ ಬಂದು ಜಗಳಾಡಿದರೆ, ಮೇಷ್ಟ್ರು ಯಾವತ್ತಾದರೂ ಆಕಾಶಕ್ಕೆ ಹೋಗಿದ್ದರಾ ಎಂದು ಅಣ್ಣ ನನ್ನನ್ನೇ ಕೇಳಿದ. ಅದೂ ಸರಿ ಅನ್ನಿಸಿತು.

ಭಾನುವಾರ ಬಾಡಿಗೆ ಮನೆಯವರೆಲ್ಲ ನಮ್ಮ ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಸೇಲಂನವರು, ರಾಯಚೂರಿನವರು, ಕರ್ನೂಲಿನವರು. ಅವರಿಗೆ ಆಟ ಬೇಕಿರಲಿಲ್ಲ, ಅಣ್ಣನ ಹಡಗು ಬೇಕಿತ್ತು. ಕನ್ನಡ ಬಾರದವರೂ ‘ಹಪಾಯ’ ಕಲಿತರು. ನೀರಿನ ಟ್ಯಾಂಕರ್ ಗಲ್ಲಿಯೊಳಗೆ ರಿವರ್ಸ್ ಬರುವಾಗ ಹೆಂಗಸರು ಮಕ್ಕಳನ್ನು ಎಳೆದುಕೊಳ್ಳುತ್ತ ‘ಹಪಾಯ, ಹಪಾಯ’ ಎಂದು ಕೂಗುತ್ತಿದ್ದರು. ನಮ್ಮ ಗಲ್ಲಿಯಲ್ಲಿ ಆ ಪದ ಎಷ್ಟೋ ವರ್ಷ ಬದುಕಿತ್ತು.

ಮೊದಲ ಭಾಗದಲ್ಲಿ ನಮ್ಮ ಜೊತೆ ಇನ್ನೊಂದು ಹಡಗು ಬರುತ್ತಿತ್ತು. ಅದನ್ನು ನಡೆಸುವ ಮುದುಕ ನನಗೆ ಬಹಳ ಇಷ್ಟ. ಒಂದು ಕಡೆ ಅವನು ತೆರೆಯಿಂದ ಮಾಯವಾದ. ಎಲ್ಲಿ ಹೋದ ಎಂದು ಕೇಳಿದೆ. ಅಣ್ಣ ಸಾಲು ಓದಿದ, ಗಂಟಲು ಸರಿಮಾಡಿಕೊಂಡು “ಹವರು ಹೂರಿಗೆ ಹೋಗಿದ್ದಾರೆ, ಬರುತ್ತಾರೆ” ಎಂದ. ಕಾಲೇಜಿಗೆ ಹೋಗುವಾಗ ಅದೇ ಭಾಗವನ್ನು ಮತ್ತೆ ಆಡಿದೆ. ಕೆಳಗಿನ ಸಾಲು ಓದಿದರೆ ಮುದುಕ ಸತ್ತಿದ್ದ. ಅಣ್ಣನ ಮೇಲೆ ಅವತ್ತು ಬಂದ ಪ್ರೀತಿ ಇವತ್ತಿಗೂ ಇಳಿದಿಲ್ಲ.

ಆಟ ತಿದ್ದುವುದರಲ್ಲೂ ಅವನದೇ ಮೊದಲ ಕೈ. “ಇದನ್ನ ಮಾಡ್ದೋರು ಒಂದಿನಾನೂ ಮಿಷನ್ ಮುಟ್ಟಿಲ್ಲ ಕಣೇ. ಇಷ್ಟು ದೂರ ಓಡೈತೆ, ಒಂದು ತೊಟ್ಟು ಎಣ್ಣೆ ಬಿಟ್ಟಿಲ್ಲ” ಎನ್ನುತ್ತಿದ್ದ. ಗ್ರಹದಲ್ಲಿ ಇಳಿದ ಕೂಡಲೇ ಗುಂಡು ಹಾರಿಸುವ ಗುಂಡಿ ಮಾತ್ರ ಇದೆಯಲ್ಲ, ‘ಊಟ ಆಯ್ತಾ’ ಅನ್ನುವುದಕ್ಕೂ ಒಂದು ಗುಂಡಿ ಇಡಬೇಕು, ಅರ್ಧ ಯುದ್ಧ ಅಲ್ಲೇ ಮುಗಿಯುತ್ತದೆ ಎಂದು ಅವನ ವಾದ. ನಾನು ಬಂಡೆಗೆ ಗುದ್ದಿ ಕೀಬೋರ್ಡ್ ಸರಿಯಿಲ್ಲ ಅಂದರೆ, “ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ” ಎಂದು ತಲೆಗೆ ಮೊಟಕುತ್ತಿದ್ದ.

ಆಮೇಲಿನದು ಎಲ್ಲರ ಮನೆಯ ಕಥೆಯೇ. ಅಣ್ಣ ಕಬ್ಬಿಣ ಕಡೆಯುವ ಲೇತ್ ಮಿಷನ್ ಹಾಕಿಕೊಂಡು ಪೀಣ್ಯದಲ್ಲೇ ಸ್ವಂತ ಕೆಲಸ ಶುರು ಮಾಡಿದ, ಮದುವೆಯಾದ. ನಾನು ವೈಟ್‌ಫೀಲ್ಡ್‌ನಲ್ಲಿ ಕೆಲಸಕ್ಕೆ ಸೇರಿ ಬ್ರೂಕ್‌ಫೀಲ್ಡ್‌ನಲ್ಲಿ ಮನೆ ಮಾಡಿದೆ. ಆಟದ ಒಂದೊಂದು ಭಾಗ ಬಂದಾಗಲೂ ತಪ್ಪದೆ ಕೊಂಡೆ. ಈಗ ಒಳ್ಳೆಯ ಹೆಡ್‌ಫೋನ್ ಇದೆ, ಹಡಗಿನ ನಿಜವಾದ ದನಿ ಕೇಳುತ್ತದೆ. ತುಪ್ಪದಲ್ಲಿ ಅದ್ದಿ ತೆಗೆದಂಥ ಇಂಗ್ಲಿಷ್ ಗಂಡು ದನಿ. ನನಗೆ ಅದನ್ನು ಕಂಡರಾಗುವುದಿಲ್ಲ.

ಹಾಗಂತ ಬರೀ ಹಳೆಯದೇ ಚೆಂದ ಅನ್ನುವ ಮುದುಕಿ ನಾನಲ್ಲ. ಹೊಸ ಭಾಗಗಳಲ್ಲಿ ಗ್ರಹಗಳ ಮೇಲಿನ ಬೆಳಕು ನೋಡಿದರೆ ಆಡುವುದನ್ನೇ ಮರೆಯುತ್ತೇನೆ. ತೊಂದರೆ ಬೇರೆ. ಮೊದಲು ಕೈಬೆರಳೆಣಿಕೆಯಷ್ಟು ಗ್ರಹ, ಒಂದೊಂದರಲ್ಲೂ ಯಾರೋ ಒಬ್ಬರು ಕಾಯುತ್ತಿದ್ದರು. ಈಗ ಲೆಕ್ಕವಿಲ್ಲದಷ್ಟು ಗ್ರಹ, ಇಳಿದರೆ ಕಲ್ಲು ಆರಿಸುವುದೊಂದೇ ಕೆಲಸ. ಅಡುಗೆಗಿಂತ ಒಗ್ಗರಣೆ ಜಾಸ್ತಿ. ಅದಕ್ಕಿಂತ ಹೆಚ್ಚಾಗಿ ಹಡಗು ಒಂದು ಗಳಿಗೆ ಸುಮ್ಮನಿರುವುದಿಲ್ಲ. ಬಂಡೆ ಕಾಣುವ ಮುಂಚೆಯೇ ಬಂಡೆ ಅನ್ನುತ್ತದೆ, ಬಾಗಿಲ ಮುಂದೆ ನಿಂತರೆ ಬಾಗಿಲು ತೆಗೆ ಅನ್ನುತ್ತದೆ. ಪಕ್ಕದಲ್ಲಿ ಕೂತವರಿಗೆ ಹೇಳಲು ಏನನ್ನೂ ಉಳಿಸುವುದಿಲ್ಲ. ಎಲ್ಲವನ್ನೂ ಯಂತ್ರವೇ ಹೇಳಿದರೆ ಮನುಷ್ಯರು ಯಾಕೆ ಪಕ್ಕದಲ್ಲಿ ಕೂರುತ್ತಾರೆ?

ಹೋದ ವರ್ಷ ಅಣ್ಣನಿಗೆ ಗಂಟಲಲ್ಲಿ ಗಡ್ಡೆ ಬಂತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು ಅಂದರು, ತೆಗೆದರು. ಈಗ ಕತ್ತಿನ ಮುಂದಿನ ಸಣ್ಣ ತೂತಿನಿಂದ ಉಸಿರಾಡುತ್ತಾನೆ, ಅದರ ಮೇಲೊಂದು ಹತ್ತಿಬಟ್ಟೆ ಕಟ್ಟಿಕೊಳ್ಳುತ್ತಾನೆ. ಮಾತಾಡಲು ಟಾರ್ಚಿನಂಥ ಒಂದು ಯಂತ್ರ ಕೊಟ್ಟರು. ಅದನ್ನು ಕತ್ತಿಗೆ ಒತ್ತಿ ಹಿಡಿದು ಬಾಯಿ ಆಡಿಸಿದರೆ ಏರಿಳಿತವಿಲ್ಲದ, ಗುಂಯ್ಗುಡುವ ದನಿ ಬರುತ್ತದೆ. ಅದನ್ನು ಕಲಿಸುವ ಮೇಡಂ ನನ್ನೆದುರೇ ಹೇಳಿದರು, “ಎಲ್ಲಾ ಅಕ್ಷರ ಬರುತ್ತೆ ಸಾರ್, ಹಕಾರ ಒಂದು ಕಷ್ಟ. ಅದಕ್ಕೆ ಗಂಟಲಿಂದ ಉಸಿರು ಬೇಕು.” ನನಗೆ ನಗು ಬಂತು, ಅಣ್ಣನೂ ನಗುತ್ತಾನೆ ಅಂದುಕೊಂಡೆ. ಅವನು ನೆಲ ನೋಡುತ್ತಿದ್ದ.

ಆದರೂ ಚೆನ್ನಾಗಿಯೇ ಕಲಿತ. ಮನೆಗೆ ಬಂದ ಮೇಲೆ ಧೈರ್ಯ ಮಾಡಿ, ತನಗೆ ಲೇತ್ ಕೆಲಸ ಕೊಡುತ್ತಿದ್ದ ಕಾರ್ಖಾನೆಯೊಂದಕ್ಕೆ ಫೋನ್ ಮಾಡಿದ. ಆ ಕಡೆಯವರು ಎರಡು ಮಾತು ಕೇಳಿ, “ಏ, ಕಂಪ್ಯೂಟರ್ ಕಾಲ್ ಕಣೋ” ಎಂದು ಪಕ್ಕದವರಿಗೆ ಹೇಳಿ ಇಟ್ಟುಬಿಟ್ಟರು. ಅಣ್ಣ ಮತ್ತೆ ಮಾಡಿದ. ಮತ್ತೆ ಇಟ್ಟರು. ಯಂತ್ರವನ್ನು ಡಬ್ಬಿಗೆ ಹಾಕಿ ಬೀರುವಿನ ಮೇಲಿಟ್ಟವನು ಮತ್ತೆ ಇಳಿಸಲಿಲ್ಲ. ಏನು ಬೇಕಾದರೂ ಮೊಬೈಲಿನಲ್ಲಿ ಒತ್ತಿ ತೋರಿಸುತ್ತಿದ್ದ. ಅತ್ತಿಗೆ ಅಷ್ಟು ಬೇಗ ಓದುವವಳಲ್ಲ. ಬರಬರುತ್ತ ಅವನು ಒತ್ತುವುದನ್ನೂ ಕಡಿಮೆ ಮಾಡಿದ. “ಮನೇಲಿ ಅವ್ರೆ ಕಣಮ್ಮ, ಆದ್ರೂ ಇಲ್ದಂಗೈತೆ” ಎಂದು ಅತ್ತಿಗೆ ನನ್ನ ಹತ್ತಿರ ಅತ್ತಳು. ಹೀಗೇ ಬಿಟ್ಟರೆ ಅಣ್ಣ ಬದುಕಿದ್ದೂ ನಮ್ಮ ಕೈಗೆ ಸಿಗದೆ ಹೋಗುತ್ತಾನೆ ಎಂದು ಹೆದರಿದೆ.

ಅವರೆಕಾಯಿ ಕಾಲದ ಒಂದು ಭಾನುವಾರ ಬೆಳಿಗ್ಗೆ ಕುಂದಲಹಳ್ಳಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಪೀಣ್ಯಕ್ಕೆ ಹೋದೆ. ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಅದರಲ್ಲಿ ಹೊಸದಾಗಿ ಬಂದ ಈ ಆರನೇ ಭಾಗ. ಯಾವ ಉಪಾಯವನ್ನೂ ಹೂಡಿರಲಿಲ್ಲ, ಅಣ್ಣನಿಗೆ ಒಂದಿಷ್ಟು ಹೊತ್ತು ಹೋಗಲಿ ಅಂತ ಅಷ್ಟೆ. ಅತ್ತಿಗೆ ಹಿತ್ತಲಲ್ಲಿ ನೆನೆಸಿದ ಕಾಳು ಹಿಸುಕುತ್ತ ಕೂತಿದ್ದಳು. ನಾನು ನಡುಮನೆಯಲ್ಲಿ ಆಟ ಹಚ್ಚಿದೆ. ಅಣ್ಣ ಬಂದು ಹಿಂದಿನ ಮಂಚದ ಮೇಲೆ ಕೂತ.

ತುಪ್ಪದ ದನಿ ಶುರುವಾಯಿತು. ಅಣ್ಣನ ಮುಖ ಗಂಟಿಕ್ಕಿತು. ಮೊಬೈಲ್ ಒತ್ತಿ ನನ್ನ ಮುಂದೆ ಹಿಡಿದ: ಇವನ್ಯಾರು, ಸೂಟು ಹಾಕ್ಕೊಂಡು ಬಂದವ್ನೆ? ನಾನು ಹುಡುಕಿ ಹುಡುಕಿ ಹಡಗಿನ ದನಿಯನ್ನು ಬಂದ್ ಮಾಡಿದೆ. ಕೋಣೆ ಥಟ್ಟನೆ ಹಳೆಯ ಕೋಣೆಯಾಯಿತು. ತೆರೆಯ ಕೆಳಗೆ ಇಂಗ್ಲಿಷ್ ಸಾಲುಗಳು ಮಾತ್ರ ಬಂದು ಬಂದು ಹೋದವು.

ಬಂಡೆಗಳು ಬಂದವು. ನಾನು ಗುದ್ದಿದೆ, ಮತ್ತೆ ಶುರು ಮಾಡಿದೆ, ಮತ್ತೆ ಗುದ್ದಿದೆ. ಬೇಕಂತ ಅಲ್ಲ, ನಿಜಕ್ಕೂ ಈ ಭಾಗದ ಬಂಡೆಗಳು ದರಿದ್ರದವು. ಅಣ್ಣ ಮಂಚದ ಕಟ್ಟು ಬಡಿದ. ಮೊಬೈಲ್ ತೋರಿಸಿದ.

“ಅದನ್ನ ಓದೋಕೆ ಕೂತ್ರೆ ಇದನ್ನ ಯಾರು ಓಡಿಸೋದು?” ಎಂದೆ, ತೆರೆಯಿಂದ ಕಣ್ಣು ತೆಗೆಯದೆ. “ಎಡಕ್ಕಾ, ಬಲಕ್ಕಾ? ನಂಗೆ ಕಾಣಿಸ್ತಿಲ್ಲ ಅಣ್ಣ.”

ಮತ್ತೆ ಗುದ್ದಿದೆ. ಅಣ್ಣ ಎದ್ದುಹೋದ. ಸಿಟ್ಟು ಬಂತು ಅಂದುಕೊಂಡೆ. ಬೀರುವಿನ ಮೇಲೆ ಏನೋ ಸರಿದಾಡಿದ ಸದ್ದಾಯಿತು. ಹಿಂದೆ ಬಂದು ನಿಂತದ್ದು ಗೊತ್ತಾಯಿತು. ಆಮೇಲೆ ನನ್ನ ತಲೆಯ ಮೇಲೆ ಏರಿಳಿತವಿಲ್ಲದ ಆ ದನಿ ಕೇಳಿತು.

“ಎಡಕ್ಕೆ ತಿರುಗ್ಸೇ, ಕತ್ತೆ.”

ತಿರುಗಿಸಿದೆ. ಬಂಡೆ ಪಕ್ಕಕ್ಕೆ ಹೋಯಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ, ನೋಡಿದರೆ ಎಲ್ಲಿ ನಿಲ್ಲಿಸಿಬಿಡುತ್ತಾನೋ ಅಂತ. ಮುಂದಿನ ಬಂಡೆ ದೂರದಲ್ಲಿ ಕಾಣಿಸಿತು. ಅವನು ಸೆಟೆದು ನಿಂತನೇನೋ, ಕುರ್ಚಿಯ ಬೆನ್ನು ಅಲುಗಿತು.

“ಎದುರಿಗೆ ಅಪಾಯ ಇದೆ.”

ಹ ಬರಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಹಡಗು ಆ ಮಾತನ್ನು ಸರಿಯಾಗಿ ಹೇಳಿತ್ತು, ಮೇಷ್ಟ್ರು ಕೇಳಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು. ನನಗೆ ಆ ತಪ್ಪೇ ಬೇಕಿತ್ತು. ಕಣ್ಣು ತುಂಬಿ ತೆರೆಯೆಲ್ಲ ಮಸುಕಾಗಿ ಆ ಬಂಡೆಗೂ ಗುದ್ದಿದೆ. “ಕಣ್ಣು ಎಲ್ಲಿಟ್ಟಿದ್ದೀಯ, ಎಮ್ಮೆ” ಎಂದು ದನಿ ಬೈಯಿತು. ಬೈಗುಳದಲ್ಲೂ ಏರಿಳಿತ ಇರಲಿಲ್ಲ, ಆದರೆ ಬೈಯುತ್ತಿದ್ದವನು ನಮ್ಮ ಅಣ್ಣನೇ.

ಹಿತ್ತಲಿಂದ ಅತ್ತಿಗೆ ಬಂದಳು. ಕೈತುಂಬ ಅವರೆಯ ಸಿಪ್ಪೆ. ಬಾಗಿಲ ಮರೆಯಲ್ಲಿದ್ದ ಅಣ್ಣ ಅವಳಿಗೆ ಕಾಣಿಸಲಿಲ್ಲ, ತೆರೆ ಮಾತ್ರ ಕಂಡಿತು.

“ಏನಮ್ಮ ಇದು, ನಿನ್ನ ಆಟ ಕನ್ನಡದಾಗೆ ಬೈತೈತಲ್ಲಾ?” ಎಂದಳು.

ಫೋನಿನವರು ಹೇಳಿದ ಮಾತೇ ಇದು. ಯಂತ್ರ ಹಿಡಿದ ಅಣ್ಣನ ಕೈ ಕೆಳಗಿಳಿದದ್ದು ತೆರೆಯ ಗಾಜಿನಲ್ಲಿ ಕಾಣಿಸಿತು. ಅತ್ತಿಗೆ ಒಂದು ಹೆಜ್ಜೆ ಒಳಗಿಟ್ಟಳು. ಕೈ ಮತ್ತೆ ಮೇಲೆ ಹೋಯಿತು.

“ಆಟ ಅಲ್ಲ ಕಣೇ,” ಎಂದ ಅಣ್ಣ. “ನಾನು.”