ಮಾರಿಷಸ್‌ಗೆ ಹೊರಟ ಶೆಟ್ಟರು

ಮುಂಬಯಿ ಗ್ರಾಂಟ್ ರೋಡಿನ ಉಡುಪಿ ಹೋಟೆಲಿನ ಭುಜಂಗ ಶೆಟ್ಟರು ಪ್ರತಿವರ್ಷ ಗಾಲ್ಫ್ ಆಡಲು ಮಾರಿಷಸ್‌ಗೆ ಹೊರಡುತ್ತಾರೆ. ಹೋಟೆಲಿನ ಹೊಸಿಲು ದಾಟುವುದಿಲ್ಲ, ಅಷ್ಟೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದೊಡನೆ, ಬಾಂದ್ರಾದ ಗೆಳೆಯರು ಕೊಟ್ಟ ಹಳೆಯ ಕೋಲು ಹಿಡಿದು, ಮೇಜುಗಳ ನಡುವೆ ಚೆಂಡು ತಳ್ಳಿ, ಅಡ್ಡ ಮಲಗಿಸಿದ ಸ್ಟೀಲ್ ಲೋಟದೊಳಗೆ ಸೇರಿಸುತ್ತಾರೆ. ಚಹಾಕ್ಕೆ ಬಂದವರಿಗೆಲ್ಲ ಆ ಜ್ವಾಲಾಮುಖಿ ದ್ವೀಪದ ಹುಲ್ಲು, ಬೆಚ್ಚನೆಯ ಕಡಲಗಾಳಿಯ ವರ್ಣನೆ, ನಿನ್ನೆಯಷ್ಟೇ ಅಲ್ಲಿಂದ ಇಳಿದು ಬಂದವರ ಹಾಗೆ. ಟಿಕೆಟ್ ತೆಗೆಯುವ ಹೊತ್ತಿಗೆ ಸರಿಯಾಗಿ ಅಡುಗೆಯವರು ಊರಿನ ದೈವದ ನೇಮೋತ್ಸವಕ್ಕೆ ಹೊರಟುಬಿಡುತ್ತಾರೆ. ಶೆಟ್ಟರು ಪಂಚೆ ಎತ್ತಿಕಟ್ಟಿ ಕಾವಲಿಯ ಮುಂದೆ ನಿಲ್ಲುತ್ತಾರೆ. “ಇಲ್ಲಿ ಬೆಂದದ್ದು ಸಾಲದಾ ನಿಮಗೆ? ರಜೆಗೂ ಬೆಂಕಿಬೆಟ್ಟವೇ ಬೇಕಾ?” ಎಂದು ಹೆಂಡತಿ ಚಂಪಾ ರೇಗಿದರೆ, ದೋಸೆ ಮಗುಚುತ್ತ ಮೆಲ್ಲಗೆ ಹೇಳುತ್ತಾರೆ: “ಅದು ಯಾವತ್ತೋ ಆರಿದ ಬೆಟ್ಟ ಮಾರಾಯ್ತಿ. ಅಪ್ಪ ಹಚ್ಚಿದ ಈ ಒಲೆ ಒಂದು ದಿನವೂ ತಣ್ಣಗಾದದ್ದಿಲ್ಲ. ಆರಿದ ಒಲೆ ಪಕ್ಕ ಒಮ್ಮೆ ಸುಮ್ಮನೆ ಕೂತ್ಕೊಳ್ಬೇಕು.”