ಬ್ರೇಕ್ ಹಾಕಿದಾಗ ಆರಿದ ದೀಪ

ನೆರೆಮನೆಯ ಬಸಣ್ಣ ಬ್ರೇಕ್ ಹಾಕಿದೊಡನೆ ಅವರ ಬೈಕಿನ ಹಿಂದಿನ ದೀಪಗಳೆಲ್ಲ ಆರಿದವು. ಸಂಡೂರು ರಸ್ತೆಯ ಅದಿರಿನ ಧೂಳಿನಲ್ಲಿ ಬೈಕೂ ಕಾಣಲಿಲ್ಲ, ಸೈಡ್‌ಕಾರಿನಲ್ಲಿ ಕೂತಿದ್ದ ಅವರ ಹೆಂಡತಿಯೂ ಕಾಣಲಿಲ್ಲ. ಹಿಂದೆ ಸ್ಕೂಟರಿನಲ್ಲಿದ್ದ ನಾನು ಚೀರಿದೆ. ನನ್ನನ್ನು ದಾಟಿ ನುಗ್ಗಿದ ಲಾರಿ ಸೈಡ್‌ಕಾರಿಗೆ ಗೇಣು ದೂರದಲ್ಲಿ ನಿಂತಿತು.

“ಲೈಟ್ ಹತ್ತೈತಿ ಅಂತ ಮುಂಜಾನೆ ನೀವಾ ನೋಡಿ ಹೇಳಿದ್ರಲ್ರಿ ಸರ್,” ಎಂದರು ಬಸಣ್ಣ.

ಹೇಳಿದ್ದೆ. ಸೈಡ್‌ಕಾರಿಗೆ ಹೊಸ ದೀಪ ಕೂಡಿಸಿದಾಗ ಹಿಂದೆ ನಿಂತು ನೋಡಿದ್ದು ನಾನೇ. ಬ್ರೇಕ್ ಹಾಕಿಸಿ ನೋಡಿರಲಿಲ್ಲ. ದೀಪ ಕೂಡಿಸಿದವರು ಹಿಂದಿನ ದೀಪಗಳಿಗೆಲ್ಲ ಒಂದೇ ಆದ ಅರ್ಥ್ ತಂತಿಯನ್ನು ಬಣ್ಣದ ಮೇಲೆಯೇ ಬಿಗಿದಿದ್ದರು; ಬ್ರೇಕ್ ದೀಪವೂ ಹತ್ತಬೇಕಾದಾಗ ಕರೆಂಟ್ ಹರಿಯಲು ದಾರಿ ಸಾಲದೆ ಎಲ್ಲವೂ ಆರುತ್ತಿದ್ದವು. ಬಣ್ಣ ಕೆರೆದು, ಕಬ್ಬಿಣಕ್ಕೆ ತಾಗಿಸಿ ಬಿಗಿದ ಮೇಲೆ ದೀಪ ಆರಲಿಲ್ಲ.

ಈಗಲೂ ಹೊರಡುವ ಮುನ್ನ ಬಸಣ್ಣ ನನ್ನನ್ನು ಹಿಂದೆ ನಿಲ್ಲಿಸುತ್ತಾರೆ. ಅವರ ಹೆಂಡತಿ ಸೈಡ್‌ಕಾರಿನಿಂದ ತಿರುಗಿ ನನ್ನತ್ತ ನೋಡುತ್ತಾರೆ. ದೀಪ ಉರಿಯುತ್ತಿದ್ದರೂ ‘ಸರಿ ಇದೆ’ ಎನ್ನಲು ನನಗೆ ಬಾಯಿ ಬರುವುದಿಲ್ಲ.