ಬಿಟ್ಟ ಕಣ್ಣಿನ ನಿದ್ದೆ

ಬಾಣಂತಿ ಹಗಲು ಹೊತ್ತು ನಿದ್ದೆ ಮಾಡಬಾರದು ಎಂಬ ನಿಯಮ ಮಾಡಿದವರು ಯಾರೋ ನಾನು ಕಾಣೆ, ಹೆತ್ತವಳಂತೂ ಇರಲಾರಳು. ಈಗಲೂ ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟಿನ ಹಿಂದೆಯೇ ಹೆದರಿಕೆಯೂ ಬರುತ್ತದೆ.

ಅದು ಯುದ್ಧ ನಡೆಯುತ್ತಿದ್ದ ಕಾಲ. ನನ್ನ ಗಂಡ ಹಲಸೂರಿನಲ್ಲಿ ಒಂದು ಕೋಣೆ ಹಿಡಿದುಕೊಂಡು, ಮಿಲಿಟರಿ ಲಾರಿಗಳ ರಿಪೇರಿ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದರು. ಮೊದಲ ಹೆರಿಗೆಗೆ ನಾನು ದೊಮ್ಮಲೂರಿನ ತವರಿಗೆ ಬಂದಿದ್ದೆ. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪ ಸೊಪ್ಪಿನ ಗಾಡಿ ಕಟ್ಟಿಕೊಂಡು ದಂಡಿನ ಮಾರ್ಕೆಟ್ಟಿಗೆ ಹೋದರೆ ಬರುವುದು ರಾತ್ರಿ ಊಟದ ಹೊತ್ತಿಗೆ. ಹಾಗಾಗಿ ನನ್ನ ಬಾಣಂತನವೆಲ್ಲ ಅಪ್ಪನ ಅಕ್ಕನ ಮೇಲೆ, ಅಂದರೆ ನನ್ನ ಅತ್ತೆಯ ಮೇಲೆ ಬಿತ್ತು.

ಅತ್ತೆ ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರು ಸೇರಿದವಳು. ಮಕ್ಕಳಿರಲಿಲ್ಲ. ಆದರೆ ಊರಿನ ಕೂಸುಗಳೆಲ್ಲ ಮಿಂದದ್ದು ಅವಳ ಕಾಲ ಮೇಲೆಯೇ. ಮಣೆಯ ಮೇಲೆ ಕೂತು, ಸೀರೆಯನ್ನು ಮಂಡಿಗೆ ಸಿಕ್ಕಿಸಿ, ಎರಡೂ ಕಾಲು ನೀಡಿ ಮಲಗಿಸಿಕೊಂಡರೆ ಎಂಥ ಹಟಮಾರಿ ಕೂಸೂ ಸುಮ್ಮನಾಗುತ್ತಿತ್ತು. ಮೊದಲ ಚೊಂಬು ನೀರು ಅವಳ ಕಾಲಿಗೆ, ಆಮೇಲಿನದು ಕೂಸಿಗೆ. ತನ್ನ ಚರ್ಮ ತಡೆದ ಬಿಸಿಯನ್ನಷ್ಟೇ ಅವಳು ಮಗುವಿಗೆ ಹಾಕುತ್ತಿದ್ದಳು. ಯಾರ ಮನೆಯಲ್ಲಿ ಹೆರಿಗೆಯಾದರೂ ಅವಳಿಗೆ ಕರೆ ಬರುತ್ತಿತ್ತು, ಅವಳು ಇದ್ದ ಕೆಲಸ ಬಿಟ್ಟು ಓಡುತ್ತಿದ್ದಳು. ಸ್ವಲ್ಪ ಜಂಬವೂ ಇತ್ತು ಅನ್ನಿ.

ಅವಳ ಇನ್ನೊಂದು ಹಟ ಈ ನಿದ್ದೆಯದು. ಹಗಲು ಮಲಗಿದರೆ ಬಾಣಂತಿಗೆ ಶೀತವಾಗುತ್ತದೆ, ಮೈ ಊದುತ್ತದೆ, ಸನ್ನಿ ಹಿಡಿಯುತ್ತದೆ. ರಾತ್ರಿಯೆಲ್ಲ ನನ್ನ ಮಗಳು ಅಳುತ್ತಿದ್ದಳು, ಹಗಲೆಲ್ಲ ಅತ್ತೆ ನನ್ನನ್ನು ಕಾಯುತ್ತಿದ್ದಳು. ರೆಪ್ಪೆ ಕೂಡಿತೋ, ಮುಖಕ್ಕೆ ನೀರು. ನನ್ನ ಮುಂದೆ ಅವರೆಕಾಯಿ ಸುರಿದು, ಎದುರಿಗೆ ಕೂತು ಮಾತಿಗೆಳೆಯುತ್ತಿದ್ದಳು. ಮಾತಿನ ನಡುವೆಯೇ ನಾನು ಜಾರಿಬಿಡುತ್ತಿದ್ದೆ. ಬೆರಳು ಕಾಯಿ ಸುಲಿಯುತ್ತಲೇ ಇರುತ್ತಿತ್ತು, ನಾನು ಇರುತ್ತಿರಲಿಲ್ಲ. ಒಂದು ದಿನ, ಕಾಯಲ್ಲಿ ಹುಳ ಇದೆಯೇನೇ ಎಂದು ಅವಳು ಕೇಳಿದ್ದಕ್ಕೆ, "ರೈಲು ಬಂದ್ಮೇಲೆ ಹಾಕು" ಎಂದೆನಂತೆ.

ಅತ್ತೆ ನಕ್ಕು ನಕ್ಕು ಸುಸ್ತಾದಳು. ನನಗೆ ನಗು ಬರಲಿಲ್ಲ. ಆ ರೈಲು ನಮ್ಮ ಅಡುಗೆಮನೆಯೊಳಗೆ ಬಂದು ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಪಕ್ಕದ ಮನೆಯಾಕೆ ಕುಕ್ ಟೌನಿನ ಬಂಗಲೆಯೊಂದರಲ್ಲಿ ಆಯಾ. ನನ್ನ ಮುಖ ನೋಡಿ, ತಮಿಳು ಬೆರೆತ ತನ್ನ ಕನ್ನಡದಲ್ಲಿ, "ಅಕ್ಕಾ, ಕೊಂಚ ತೂಂಗಲಿ ಬಿಡಿ. ನಮ್ಮ ದೊರೆಸಾನಿ ಮಗು ಮಲಗ್ದಾಗೆಲ್ಲ ತಾನೂ ಮಲಗ್ತಾರೆ" ಎಂದಳು.

"ಅವ್ರು ಹುಟ್ಟಿದ್ದೇ ಶೀತದಲ್ಲಿ, ಅವ್ರಿಗೇನು ಆಗ್ತದೆ?" ಎಂದಳು ಅತ್ತೆ.

ನನ್ನನ್ನು ಕಾಯುವವಳು ತಾನೂ ಮಲಗುವಂತಿಲ್ಲ ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ರಾತ್ರಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದವಳೂ ಅವಳೇ, ನಸುಕಿನಲ್ಲಿ ಎದ್ದು ಅಪ್ಪನಿಗೆ ಬುತ್ತಿ ಕಟ್ಟುತ್ತಿದ್ದವಳೂ ಅವಳೇ.

ಆ ಬೆಳಿಗ್ಗೆ ನನ್ನ ಎರೆದುಕೊಳ್ಳುವುದು ಮುಗಿದಿತ್ತು. ತಲೆಗೆ ಬಟ್ಟೆ ಸುತ್ತಿಕೊಂಡು, ಮಗುವನ್ನು ಒರೆಸುವ ಒಣಬಟ್ಟೆ ಹಿಡಿದು ಬಚ್ಚಲ ಬಾಗಿಲಲ್ಲಿ, ಅತ್ತೆಯ ಕೈಯಳತೆಯಲ್ಲೇ ಕೂತಿದ್ದೆ. ಅತ್ತೆಯ ಬಲಕ್ಕೆ ಹದ ಮಾಡಿದ ನೀರಿನ ಕೊಳಗ, ಅದರ ಪಕ್ಕದಲ್ಲೇ ಒಲೆಯ ಮೇಲೆ ಕುದಿಯುವ ಹಂಡೆ. ಕೊಳಗದ ನೀರು ಆರಿದರೆ ಹಂಡೆಯಿಂದ ಒಂದು ಚೊಂಬು ಬಗ್ಗಿಸಿ ಬೆರೆಸಿಕೊಳ್ಳುತ್ತಿದ್ದಳು. ಮಗುವನ್ನು ಕಾಲ ಮೇಲೆ ಬೋರಲು ಹಾಕಿ, ಬೆನ್ನಿಗೆ ಕಡಲೆಹಿಟ್ಟು ಉಜ್ಜಿ, ಅದರೊಡನೆ ಏನೋ ಲಲ್ಲೆ ಮಾತಾಡುತ್ತ ಅವಳು ಹಂಡೆಗೆ ಚೊಂಬು ಅದ್ದಿದಳು.

ಮಾತು ಅರ್ಧಕ್ಕೆ ನಿಂತಿತು. ಕಣ್ಣು ತೆರೆದೇ ಇತ್ತು, ಅದರಲ್ಲಿ ನೋಟವಿರಲಿಲ್ಲ. ಕೊಳಗಕ್ಕೆ ಬಗ್ಗಬೇಕಾದ ಚೊಂಬು ಕೊಳಗವನ್ನು ದಾಟಿ ಮಗುವಿನ ಬೆನ್ನಿನ ಕಡೆ ಬಂತು. ಅದರಿಂದ ಹಬೆ ಏಳುತ್ತಿತ್ತು.

ಇದೂ ನನ್ನ ರೈಲಿನ ಜಾತಿಯದೇ ಅಂದುಕೊಂಡೆ. ಆ ಬೆಳಿಗ್ಗೆಯೇ ಗೋಡೆಯ ಮೇಲಿನ ಹಲ್ಲಿ ನನ್ನನ್ನು ಹೆಸರು ಹಿಡಿದು ಕರೆದಿತ್ತು. ಅಂಥ ಅತ್ತೆ ಕುದಿಯುವ ನೀರನ್ನು ಕೂಸಿನ ಮೇಲೆ ಹುಯ್ಯುವುದು ಕನಸಲ್ಲದೆ ಮತ್ತೇನು? ಚೊಂಬು ವಾಲುವಾಗ ಒಂದು ಹನಿ ತುಳುಕಿ ನನ್ನ ಪಾದದ ಮೇಲೆ ಬಿತ್ತು. ಚುರ್ ಎಂದಿತು. ಕನಸಿನ ನೀರು ಸುಡುವುದಿಲ್ಲ.

ಮಗುವಿನ ತೋಳು ಹಿಡಿದೆನೋ, ಕಾಲು ಹಿಡಿದೆನೋ ತಿಳಿಯದು. ಎಳೆದುಕೊಂಡೆ. ನೀರಷ್ಟೂ ಅತ್ತೆಯ ಬರಿಗಾಲಿನ ಮೇಲೆ ಸುರಿಯಿತು. ಮಗು ಕಿರುಚಿತು, ಅತ್ತೆ ಕಿರುಚಲಿಲ್ಲ. ಖಾಲಿಯಾದ ತನ್ನ ಕಾಲನ್ನು ನೋಡಿದಳು, ಆಮೇಲೆ ನನ್ನನ್ನು.

"ಕೂಸನ್ನ ಯಾಕೆ ಎತ್ಕೊಂಡೆ? ಇನ್ನೂ ಹಿಟ್ಟು ತೊಳ್ದಿಲ್ಲ" ಎಂದಳು.

ಆ ಮಾತು ಕೇಳಿ ಮಗುವನ್ನು ಎದೆಗೆ ಅವುಚಿಕೊಂಡೆ. ನೀರು ಬಿದ್ದಾಗಲೂ ನಾನು ಅಷ್ಟು ಹೆದರಿರಲಿಲ್ಲ.

"ಅತ್ತೆ, ಅದು ಹಂಡೆ ನೀರು. ನೀನು ನಿದ್ದೆ ಮಾಡ್ಬಿಟ್ಟೆ."

"ಇಲ್ಲ ಕಣೇ. ಕಣ್ಣು ಬಿಟ್ಕೊಂಡೇ ಇದ್ನಲ್ಲೇ."

ಅಷ್ಟರಲ್ಲಿ ಉರಿ ಅವಳಿಗೆ ತಾಗಿತು. ಬಗ್ಗಿ ಮೊಣಕಾಲಿನ ಕೆಳಗೆ ಕೆಂಪಾಗಿ ಏಳುತ್ತಿದ್ದ ಚರ್ಮ ನೋಡಿದಳು, ಚೊಂಬು ನೋಡಿದಳು. ಕಾಲನ್ನು ಮುಟ್ಟಿಕೊಳ್ಳದೆ ಮಗುವನ್ನು ನನ್ನಿಂದ ಇಸಿದುಕೊಂಡು, ಬೆನ್ನು, ಕತ್ತು, ಕಿವಿಯ ಹಿಂದೆ ತಿರುಗಿಸಿ ತಿರುಗಿಸಿ ಹುಡುಕಿದಳು. ಮಗುವಿಗೆ ಏನೂ ಆಗಿರಲಿಲ್ಲ. ಆದರೂ ಹುಡುಕುತ್ತಲೇ ಇದ್ದಳು.

ಆಯಾ ಓಡಿಬಂದು ಸುಣ್ಣದ ತಿಳಿಗೆ ಕೊಬ್ಬರಿ ಎಣ್ಣೆ ಕಲಸಿ ಹಚ್ಚಿದಳು. ಅತ್ತೆ ನನ್ನ ಕಡೆ ನೋಡದೆ, "ಹೋಗಿ ಮಲಕ್ಕೋ" ಎಂದಳು.

"ಶೀತ ಆಗಲ್ವಾ?"

"ಆದ್ರೆ ಆಗ್ಲಿ."

ಸತ್ತವಳಂತೆ ಮಲಗಿದೆ. ಎದ್ದಾಗ ಅತ್ತೆ ಬಾಗಿಲಿಗೆ ಬಂದ ಯಾರಿಗೋ, "ನನ್ ಕೈಲಿ ಆಗಲ್ಲಮ್ಮ, ಬೇರೆಯೋರ್ನ ನೋಡ್ಕೊಳ್ಳಿ" ಎನ್ನುತ್ತಿದ್ದಳು. ಕಾಲು ಸುಟ್ಟಿದೆ, ಅದಕ್ಕೇ ಅಂದುಕೊಂಡೆ. ಗಾಯ ಮಾಯಿತು, ಕರೆ ಬರುತ್ತಲೇ ಇತ್ತು, ಮತ್ತೆಂದೂ ಅವಳು ಯಾವ ಕೂಸಿಗೂ ಕಾಲು ನೀಡಲಿಲ್ಲ.

ಮರುದಿನದಿಂದ ನನ್ನ ಮಗಳಿಗೆ ನಾನೇ ಎರೆದೆ. ಒಣಬಟ್ಟೆ ಹಿಡಿದು ಬಾಗಿಲಲ್ಲಿ ಅತ್ತೆ ಕೂರುತ್ತಿದ್ದಳು. ಮಗುವನ್ನು ನೋಡುತ್ತಿರಲಿಲ್ಲ, ನನ್ನ ಕಣ್ಣನ್ನೇ ನೋಡುತ್ತಿದ್ದಳು. ನಾನು ಚೊಂಬು ಎತ್ತಿದಾಗಲೆಲ್ಲ, "ಅಮ್ಮಣ್ಣಿ, ಇದ್ದೀಯಾ?" ಎಂದು ಕೇಳುತ್ತಿದ್ದಳು. "ಇದ್ದೀನಿ ಅತ್ತೆ" ಎಂದ ಮೇಲೆಯೇ ನಾನು ನೀರು ಹಾಕಬೇಕಿತ್ತು.